ಫೋನಿನೊಳಗಿಂದ ಕೂಗಿದವರು

ಮೊನ್ನೆ ಬೆಳಿಗ್ಗೆ ಸೊಸೆ ಕೆಂಪು ದೊಣ್ಣೆಮೆಣಸಿನಕಾಯಿಯನ್ನು ಗ್ಯಾಸ್ ಉರಿಯ ಮೇಲೆ ಸುಡಲು ಇಟ್ಟು, ಯಾರದೋ ಫೋನು ಬಂತೆಂದು ಹಿತ್ತಲಿಗೆ ಹೋದವಳು ಮರೆತೇ ಬಿಟ್ಟಳು. ಸಿಪ್ಪೆ ಕರಕಾಗಿ, ಅರ್ಧ ಸಿಹಿ ಅರ್ಧ ಹೊಗೆಯ ಒಂದು ವಾಸನೆ ಅಡುಗೆಮನೆ ದಾಟಿ ಪಡಸಾಲೆಗೆ ಬಂತು. ಬೇರೆ ದಿನವಾಗಿದ್ದರೆ ಇಂಥ ಅವಕಾಶವನ್ನು ನಾನು ಬಿಡುತ್ತಿರಲಿಲ್ಲ. ನಾನು ಹಾಲು ಉಕ್ಕಿಸಿದ ದಿನ ಅವಳು ಓಣಿಗೆಲ್ಲ ಸುದ್ದಿ ಹಂಚಿದ್ದಳು. ಆದರೆ ಮೊನ್ನೆ ನನಗೆ ಎದ್ದು ಹೋಗಿ ಗ್ಯಾಸ್ ಆರಿಸಲೂ ಆಗಲಿಲ್ಲ. ಕೂತಲ್ಲಿಂದಲೇ ತಲೆಯೆತ್ತಿ ಮಹಡಿಯ ಕಡೆ ನೋಡಿದೆ…

ಮಹಡಿಯ ಕೋಣೆಯಲ್ಲಿ ಈಗ ಯಾರೂ ಇಲ್ಲ. ಮಗ ತನ್ನ ಅಂಗಡಿಯ ಪೈಪು, ಪಂಪಿನ ಡಬ್ಬಗಳನ್ನು ತುಂಬಿಸಿಟ್ಟಿದ್ದಾನೆ. ಕೆಲವು ವರ್ಷಗಳ ಹಿಂದೆ ಅಲ್ಲೊಬ್ಬ ಹುಡುಗಿ ಬಾಡಿಗೆಗಿದ್ದಳು. ಹುಡುಗಿ ಅಂತ ನಾನು ಕರೆಯುತ್ತಿದ್ದೆ ಅಷ್ಟೆ, ಮೂವತ್ತೈದು ದಾಟಿತ್ತು. ಸರ್ಬಿಯಾ ಎನ್ನುವ ದೇಶದವಳು. ಬಳ್ಳಿಗಾವಿ ಸುತ್ತಿನ ವೀರಗಲ್ಲುಗಳ ಮೇಲಿನ ಬರಹ ಓದಲು ಬಂದಿದ್ದಳು. ಕನ್ನಡ ಓದಲು ಬರೆಯಲು ಮೈಸೂರಿನಲ್ಲಿ ಕಲಿತಿದ್ದಳು, ಜಗಳ ಆಡಲು ನಮ್ಮ ಶಿಕಾರಿಪುರದಲ್ಲಿ ಕಲಿತಳು. ಆರು ತಿಂಗಳೊಳಗೆ ತರಕಾರಿಯವನ ಹತ್ತಿರ ‘ಏನ್ರೀ, ನಿನ್ನೆದು ತಂದು ಇವತ್ತಿಂದು ಅಂತೀರಲ್ಲ’ ಅನ್ನುವಷ್ಟು ಆಗಿದ್ದಳು. ಸುಟ್ಟ ಮೆಣಸಿನಕಾಯಿಯ ವಾಸನೆ ಅವಳ ಕೋಣೆಯಿಂದ ಇಳಿದು ಬಂತೆಂದರೆ ಅವತ್ತು ಅವಳ ದೇಶದ ಫುಟ್ಬಾಲ್ ತಂಡದ ಆಟವಿದೆ ಎಂದರ್ಥ. ಆಟದ ದಿನ ಅಲ್ಲಿ ಅವಳ ಅಪ್ಪ, ಇಲ್ಲಿ ಅವಳು, ಇಬ್ಬರೂ ಅದನ್ನೇ ಸುಟ್ಟು, ಸಿಪ್ಪೆ ಸುಲಿದು, ಎಣ್ಣೆ ಬೆಳ್ಳುಳ್ಳಿ ಹಾಕಿ ತಿನ್ನುತ್ತಿದ್ದರು.

ನಾನು ಬರೆಯಹೊರಟಿರುವುದು ಆ ಅಪ್ಪನ ಬಗ್ಗೆ. ಅವರನ್ನು ನಾನು ಎದುರಿಗೆ ಕಂಡವಳಲ್ಲ. ಅಂಗೈಯಷ್ಟು ಫೋನಿನೊಳಗೆ ಕಂಡವಳು. ಸೊಸೆ ಅವರಿಗೆ ‘ಫೋನಿನ ಯಜಮಾನರು’ ಎಂದು ಹೆಸರಿಟ್ಟಿದ್ದಳು. ನನ್ನನ್ನು ರೇಗಿಸಲು ಇಟ್ಟ ಹೆಸರು. ನಾನೂ ಅದೇ ಹೆಸರಿನಿಂದ ಕರೆದು ಅವಳ ಬಾಯಿ ಮುಚ್ಚಿಸಿದೆ.

ಯಜಮಾನರು ರೈಲು ಓಡಿಸಿ ನಿವೃತ್ತರಾದವರು. ದಪ್ಪ ಬಿಳಿ ಮೀಸೆ, ತಂಬಾಕಿಗೆ ತುದಿ ಹಳದಿಯಾಗಿತ್ತು. ಕೊರಳಿಗೆ ಒಂದು ಹಳೆಯ ಕೆಂಪು ಉಣ್ಣೆಯ ಪಟ್ಟಿ. ಕೂರುತ್ತಿದ್ದುದು ಅಡುಗೆಮನೆಯಲ್ಲಿ. ಹಿಂದಿನ ಗೋಡೆಗೆ ಒಣಮೆಣಸಿನಕಾಯಿಯ ಸರ ತೂಗುಬಿಟ್ಟಿತ್ತು. ಅದನ್ನು ನೋಡಿಯೇ ನನಗೆ ಅವರ ಮೇಲೆ ಅರ್ಧ ವಿಶ್ವಾಸ ಬಂದಿದ್ದು. ಹೆಂಡತಿ ತೀರಿಕೊಂಡ ಮೇಲೆ ಅವರು ಮಾತೇ ಬಿಟ್ಟಿದ್ದರಂತೆ. ಮಗಳು ಫೋನು ಮಾಡಿದರೆ ‘ಹೂಂ’, ‘ಉಂಡೆ’, ಅಷ್ಟೆ. ಆದರೆ ಆಟದ ದಿನ ಮಾತ್ರ ಎರಡು ಗಂಟೆ ಬಿಡುವಿಲ್ಲದೆ ಮಾತು, ಬೈಗುಳ, ನಗು. ಅಪ್ಪ ಮಗಳು ಪರಸ್ಪರ ‘ಹೇಗಿದ್ದೀಯ’ ಎಂದು ಕೇಳುತ್ತಿರಲಿಲ್ಲ. ಯಾರು ಯಾರಿಗೆ ಚೆಂಡು ಕೊಡಬೇಕಿತ್ತು ಎಂದು ಜಗಳವಾಡುತ್ತಿದ್ದರು. ಅದರಲ್ಲೇ ಎಲ್ಲ ಇತ್ತು ಎಂದು ಕಾಣುತ್ತದೆ.

ದೊಡ್ಡ ಕಪ್ಪಿಗೆ ಹೋಗಬೇಕಾದರೆ ಅವರ ತಂಡ ಮೊದಲು ಅರ್ಹತೆಯ ಆಟಗಳನ್ನು ಆಡಬೇಕು. ಒಂದು ಆಟ ಈ ತಿಂಗಳು, ಇನ್ನೊಂದು ಎರಡು ತಿಂಗಳು ಬಿಟ್ಟು. ನಮ್ಮ ಕಡೆ ಹೆಣ್ಣು ನೋಡುವುದು, ಜಾತಕ, ಮಾತುಕತೆ ಎಂದು ಒಂದು ವರ್ಷ ಎಳೆದು, ಕೊನೆಗೆ ಮದುವೆ ಆಗುತ್ತದೋ ಇಲ್ಲವೋ, ಹಾಗೆ. ಆ ವರ್ಷವಿಡೀ ಯಜಮಾನರು ಕೊರಳ ಪಟ್ಟಿಯನ್ನು ಒಗೆಯುವಂತಿರಲಿಲ್ಲ. ಒಗೆದರೆ ಗೆಲುವು ತೊಳೆದುಹೋಗುತ್ತದಂತೆ. ಮಗಳು ಮಂಚದ ಎಡತುದಿಯಲ್ಲೇ ಕೂರಬೇಕು. ಅವಳ ಫೋನು ಅಕ್ಕಿ ಡಬ್ಬಕ್ಕೆ ಒರಗಿಯೇ ನಿಂತಿರಬೇಕು, ಏಕೆಂದರೆ ಮೊದಲ ಆಟ ಗೆದ್ದಾಗ ಹಾಗಿತ್ತು. ಅವರ ಊರಿನಲ್ಲಿ ಎಲ್ಲ ಅಭಿಮಾನಿಗಳೂ ಹೀಗೇ ಎಂದಳು ಹುಡುಗಿ. ಒಬ್ಬ ಪಕ್ಕದ ಮನೆಯವನು ಪ್ರತಿ ಆಟವನ್ನೂ ನಿಂತೇ ನೋಡುತ್ತಾನಂತೆ, ಮಂಡಿನೋವು ಇದ್ದರೂ.

ನಾನು ಎರಡು ಆಟ ಅವಳ ಪಕ್ಕದಲ್ಲಿ ಕೂತು ನೋಡಿದೆ. ಎರಡರಲ್ಲೂ ಎದುರಿನವರು ಗೋಲು ಹೊಡೆದರು. ಮೂರನೆಯದರಲ್ಲಿ ಹಾಲಿಗೆ ಹೆಪ್ಪು ಹಾಕಲು ನಾನು ಕೆಳಗೆ ಇಳಿದಿದ್ದಾಗ ಮೇಲೆ ಕುಣಿದಾಟ, ಕಿರುಚಾಟ. ಇವರದು ಗೋಲು! ಸಂಭ್ರಮ ನೋಡಲು ನಾನು ಮೇಲೆ ಹೋಗಿ ಕೂತೆನೋ ಇಲ್ಲವೋ, ಎದುರಿನವರದೂ ಒಂದು. ಯಜಮಾನರು ಫೋನಿನೊಳಗಿಂದ ನನ್ನನ್ನೇ ನೋಡುತ್ತ ಗಂಭೀರವಾಗಿ ಏನೋ ಹೇಳಿದರು. ಹುಡುಗಿಯ ಮುಖ ಕೆಂಪಾಯಿತು.

“ಏನಂತೆ ನಿಮ್ಮಪ್ಪಂದು?”

“ಏನಿಲ್ಲ ಬಿಡ್ರಿ ಅಜ್ಜಿ.”

“ಹೇಳೇ, ನಾನೇನು ನಿಮ್ಮ ಭಾಷೆ ಕಲ್ತು ಕೇಳ್ಬೇಕಾ?”

“ನೀವು ನೋಡಿದ್ರೆ ನಮಗೆ ಗೋಲು ಬೀಳುತ್ತಂತೆ. ಇನ್ಮೇಲೆ… ಹೊರಗೆ ಕೂತ್ಕೋಬೇಕಂತೆ.”

ಬಾಗಿಲಲ್ಲಿ ನಿಂತಿದ್ದ ಸೊಸೆ ಚಪ್ಪಾಳೆ ತಟ್ಟಿ ನಕ್ಕಳು. “ಹದಿನೆಂಟು ವರ್ಷದಿಂದ ನಾನು ಹೇಳ್ತಾನೇ ಬಂದೀನಿ ರೀ, ನಮ್ಮತ್ತೆ ಕಣ್ಣು ಬಿದ್ರೆ ಹಪ್ಪಳನೂ ಉಬ್ಬಲ್ಲ ಅಂತ. ನಿಮ್ಮಪ್ಪಂಗೆ ಮೂರೇ ಆಟಕ್ಕೆ ಗೊತ್ತಾಯ್ತು ನೋಡಿ!”

ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿಯೇ ನಕ್ಕೆ. ಆದರೆ ಒಳಗೆ ಹಳೆಯದೊಂದು ನೆನಪು ಎದ್ದಿತು. ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಹತ್ತೊಂಬತ್ತಕ್ಕೆ ಈ ಮನೆಗೆ ಬಂದವಳು. ಬಂದ ವರ್ಷ ಕೊಟ್ಟಿಗೆಯಲ್ಲಿ ಚೊಚ್ಚಲ ಕಡಸು ಈಯುತ್ತಿತ್ತು. ಹೊಸ ಸೊಸೆ ನೋಡಬಾರದು ಎಂದು ಅತ್ತೆ ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿದ್ದರು. ಬೇಡ ಎಂದದ್ದನ್ನು ಮಾಡುವ ಬುದ್ಧಿ ನನಗೆ ಆಗಿನಿಂದಲೂ ಇತ್ತು. ಬಾಗಿಲ ಸಂದಿಯಿಂದ ಇಣುಕಿದೆ. ಕರು ಹುಟ್ಟಿದ್ದನ್ನು ನೋಡಿದೆ. ಸಂಜೆಯೊಳಗೆ ಅದು ಸತ್ತುಹೋಯಿತು. ಅತ್ತೆ ಬೈಯಲಿಲ್ಲ, ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಆಮೇಲೆ ಮನೆಯಲ್ಲಿ ಏನಾದರೂ ಶುಭದ್ದು ಇದ್ದಾಗಲೆಲ್ಲ ಬಹಳ ಮೆತ್ತಗೆ ‘ನೀನು ಸ್ವಲ್ಪ ಆ ಕಡೆ ಇರಮ್ಮ’ ಎನ್ನುತ್ತಿದ್ದರು. ಐವತ್ತು ವರ್ಷದ ಮೇಲೆ ಯಾವುದೋ ದೇಶದ ಮೀಸೆಯವರು ಫೋನಿನೊಳಗಿಂದ ಅದೇ ಮಾತು ಹೇಳಿದ್ದರು.

ಅಂದಿನಿಂದ ನನ್ನ ಜಾಗ ಹೊರಗಿನ ಮೆಟ್ಟಿಲು. ಗೋಡೆಗೆ ಬೆನ್ನು, ಕಿಟಕಿ ತಲೆಯ ಮೇಲೆ. ಕೆಲವು ಆಟ ನಮಗೆ ಮಧ್ಯರಾತ್ರಿ ಶುರುವಾಗುತ್ತಿದ್ದವು, ಅವತ್ತು ನಾನು ಮಲಗಿಬಿಡುತ್ತಿದ್ದೆ. ಸಂಜೆಯ ಆಟಕ್ಕೆ ಮಾತ್ರ ಹಾಜರಿ. ನೋಡದಿದ್ದರೂ ನನಗೆ ಆಟ ಗೊತ್ತಾಗುತ್ತಿತ್ತು. ಯಜಮಾನರ ಟಿವಿಯಲ್ಲಿ ಆಟ ಮೊದಲು ಬರುತ್ತಿತ್ತು, ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಅರ್ಧ ನಿಮಿಷ ತಡ. ಹಾಗಾಗಿ ಮೊದಲು ಫೋನಿನಿಂದ ಅಪ್ಪನ ಕೂಗು, ಆಮೇಲೆ ಮಂಚದಿಂದ ಮಗಳ ಕೂಗು. ಗೋಲು ತಮ್ಮದಾದರೆ ಇಬ್ಬರದೂ ಅರಚಾಟ. ಎದುರಿನವರದಾದರೆ ಅಪ್ಪನದು ಒಂದು ನರಳು, ಅರ್ಧ ನಿಮಿಷ ಬಿಟ್ಟು ಮಗಳು ‘ತ್ಚು’ ಅಂದು ಮಂಚ ಗುದ್ದುತ್ತಿದ್ದಳು. ಅಪ್ಪನ ಕೂಗಿಗೆ ಮಗಳ ಕೂಗು ಯಾವತ್ತೂ ತಪ್ಪಿದ್ದಿಲ್ಲ.

ಮತ್ತೆ ನಿಜ ಹೇಳಬೇಕೆಂದರೆ, ನಾನು ಹೊರಗೆ ಕೂತ ಮೇಲೆ ಅವರ ತಂಡ ಗೆಲ್ಲತೊಡಗಿತು. ಆಟ ಮುಗಿದ ಮೇಲೆ ಹುಡುಗಿ ಫೋನನ್ನು ನನ್ನ ಕಡೆ ತಿರುಗಿಸುತ್ತಿದ್ದಳು. ಯಜಮಾನರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ “ಅಜ್ಜಿ!” ಎನ್ನುತ್ತಿದ್ದರು. ಮಗಳಿಂದ ಕಲಿತ ಒಂದೇ ಕನ್ನಡ ಪದ ಅದು. ನಾನು ಹುಡುಗಿಗೆ, “ಕಪ್ ಬಂದ್ರೆ ನಿಮ್ಮೂರಲ್ಲಿ ನಂದೂ ಒಂದು ಫೋಟೋ ಹಾಕ್ಸು ಅನ್ನು. ಬೆನ್ನು ಕಾಣೋ ಹಂಗೆ” ಎಂದೆ. ಅದನ್ನು ಕೇಳಿ ಯಜಮಾನರು ಮೀಸೆಯೆಲ್ಲ ಅಲುಗುವ ಹಾಗೆ ನಕ್ಕಿದ್ದರು…

ಶಿವರಾತ್ರಿ ಕಳೆದಿತ್ತು, ಯುಗಾದಿಗೆ ಇನ್ನೂ ದಿನವಿತ್ತು. ಸೊರಬದ ಆಚೆ, ಕ್ಯಾಸನೂರಿನ ಕಡೆಯ ಕಾಡಂಚಿನಲ್ಲಿ ಒಂದು ವೀರಗಲ್ಲು ಇದೆ ಎಂದು ಯಾರೋ ಹೇಳಿದರು. ಹುಡುಗಿ ಎರಡು ದಿನ ಬಸ್ಸಿನಲ್ಲಿ ಹೋಗಿಬಂದಳು. ನನ್ನ ತವರು ಆ ಕಡೆಯದೇ. ತರಗೆಲೆಯ ಮೇಲೆ ಕೂರಬಾರದು, ರಕ್ತ ಹೀರುವ ಉಣುಗು ಹತ್ತುತ್ತದೆ, ಆಶಾ ಕಾರ್ಯಕರ್ತೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಬೇಕು ಎಂದು ಹತ್ತು ಸಲ ಹೇಳಿದ್ದೆ. ಮೊದಲ ದಿನ ಹಚ್ಚಿದಳು. ಎರಡನೆಯ ದಿನ ಬಸ್ಸಿಗೆ ಹೊತ್ತಾಯಿತೆಂದು ಮರೆತಳು. ಕಲ್ಲಿನ ಕೆಳಸಾಲು ಓದಲು ಎಲೆಗಳ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದಳಂತೆ. ನಗುನಗುತ್ತ ಹೇಳಿದಳು.

ವಾರ ಕಳೆಯಿತು. ಜ್ವರ ಬಂತು. ತಲೆ ಒಡೆದುಹೋಗುವಂಥ ನೋವು, ಕಣ್ಣು ಕೆಂಡ. ನಾನು ಹುಡುಗಿಯಾಗಿದ್ದಾಗ ನಮ್ಮ ಚಿಕ್ಕಪ್ಪ ಸೌದೆಗೆ ಹೋಗಿಬಂದು ಇದೇ ಜ್ವರದಲ್ಲಿ ಮಲಗಿದವರು ಮತ್ತೆ ಏಳಲಿಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದರೆ ನಮ್ಮ ಊರಿನಲ್ಲಿ ದೊಡ್ಡವರು ಪಿಸುಗುಟ್ಟಿ ಮಾತಾಡುತ್ತಿದ್ದರು. ಆ ಪಿಸುಮಾತು ನನ್ನ ಕಿವಿಯಲ್ಲಿ ಇನ್ನೂ ಇತ್ತು.

“ಏಳು, ಆಸ್ಪತ್ರೆಗೆ ಹೋಗೋಣ” ಎಂದೆ.

“ಇವತ್ತು ಆಟ ಐತೆ ಅಜ್ಜಿ. ಸೋತ್ರೆ ಎಲ್ಲ ಮುಗೀತು, ಕಪ್ಪಿಗೆ ಹೋಗಲ್ಲ. ಅಪ್ಪ ಒಬ್ರೇ ಇರ್ತಾರೆ. ಆಟ ಮುಗಿದ ಕೂಡ್ಲೇ ಹೋಗೋಣ, ಆಣೆ.”

ಅವಳ ಅಮ್ಮ ಜ್ವರದಲ್ಲಿಯೇ ತೀರಿಕೊಂಡಿದ್ದು. ಮಗಳಿಗೆ ಜ್ವರ ಎಂದು ಗೊತ್ತಾದರೆ ಆ ಮನುಷ್ಯ ಒಬ್ಬರೇ ಆ ಅಡುಗೆಮನೆಯಲ್ಲಿ ಏನಾಗುತ್ತಾರೋ ಎಂದು ಅವಳಿಗೆ ಹೆದರಿಕೆ. ನಾನು ಬೈಯಬೇಕಿತ್ತು, ಎಳೆದುಕೊಂಡು ಹೋಗಬೇಕಿತ್ತು. ಅದರ ಬದಲು ಏನು ಮಾಡಿದೆ ಗೊತ್ತೇ? ಫೋನಿನಲ್ಲಿ ಅಪ್ಪನಿಗೆ ತಿಳಿಯದಿರಲಿ ಎಂದು ಅವಳ ಮುಖಕ್ಕೆ ಪೌಡರು ಹಚ್ಚಿದೆ. ಕೆನ್ನೆಗೆ ಚೂರು ಕುಂಕುಮ ತಿಕ್ಕಿದೆ. “ಮದುಮಗಳ ಹಂಗೆ ಕಾಣ್ತೀಯ” ಎಂದು ತಮಾಷೆ ಬೇರೆ ಮಾಡಿದೆ. ಬೆರಳಿಗೆ ಅವಳ ಕೆನ್ನೆ ಸುಡುತ್ತಿತ್ತು. ಎರಡು ಗಂಟೆಯ ಮಾತಲ್ಲವೇ ಎಂದುಕೊಂಡೆ. ಮಗನಿಗೆ ಒಂಬತ್ತೂವರೆಗೆ ವ್ಯಾನು ತೆಗೆದುಕೊಂಡು ಬಾ ಎಂದು ಹೇಳಿಟ್ಟಿದ್ದೆ.

ಆಟ ಸಂಜೆ ಏಳೂವರೆಗೆ. ಸೊಸೆ ಹಿಂದಿನ ಓಣಿಯ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದಳು, ಮಗ ಅಂಗಡಿಯಲ್ಲಿ. ಮನೆಯಲ್ಲಿ ನಾನು, ಅವಳು, ಮತ್ತೆ ಫೋನಿನೊಳಗೆ ಯಜಮಾನರು. ನಾನು ಮೆಟ್ಟಿಲ ಮೇಲೆ ನನ್ನ ಜಾಗದಲ್ಲಿ ಕೂತೆ. ಮೊದಲರ್ಧ ಗೋಲಿಲ್ಲದೆ ಮುಗಿಯಿತು. ನಡುವೆ ಅವಳು ಅಪ್ಪನ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ದನಿ ಎಳೆದೆಳೆದು ಬರುತ್ತಿತ್ತು.

“ಹುಡುಗೀ, ಹೆಂಗಿದೀಯೇ?” ಎಂದು ಗೋಡೆಯ ಈಚೆಯಿಂದ ಕೂಗಿದೆ.

“ಚೆನ್ನಾಗಿದೀನಿ ಅಜ್ಜಿ. ನೀವು ನೋಡಬ್ಯಾಡಿ ಮತ್ತೆ!”

ಅದಾದ ಮೇಲೆ ಅವಳ ದನಿ ಕೇಳಿಸಲಿಲ್ಲ.

ಎಷ್ಟು ಹೊತ್ತು ಕಾದೆನೋ. ಲ್ಯಾಪ್‌ಟಾಪಿನಿಂದ ಜನರ ಗದ್ದಲ, ಫೋನಿನಿಂದ ಯಜಮಾನರ ಗೊಣಗಾಟ, ಅವಳದು ಮಾತ್ರ ಏನೂ ಇಲ್ಲ. ನನಗೆ ಕೂರಲಾಗಲಿಲ್ಲ. ಎದ್ದು ಕಿಟಕಿಯ ಪರದೆಯ ಅಂಚನ್ನು ಒಂದು ಬೆರಳಿನಿಂದ ಸರಿಸಿ ಇಣುಕಿದೆ. ಅವಳು ಮಂಚದ ಎಡತುದಿಯಲ್ಲಿ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಕಣ್ಣು ಅರ್ಧ ತೆರೆದಿತ್ತು. ಅಕ್ಕಿ ಡಬ್ಬಕ್ಕೆ ಒರಗಿದ್ದ ಫೋನು ಅವಳ ಕಡೆಗೂ ಪಕ್ಕದ ಕಿಟಕಿಯ ಕಡೆಗೂ ಮುಖ ಮಾಡಿತ್ತು. ಅದರೊಳಗಿನ ಯಜಮಾನರ ಕಣ್ಣೂ ನನ್ನ ಕಣ್ಣೂ ಕೂಡಿದ ಹಾಗಾಯಿತು. ಆ ಕ್ಷಣವೇ ಅವರ ಮುಖ ಕಿವುಚಿಕೊಂಡಿತು. ದೊಡ್ಡದೊಂದು ನರಳು.

ಗೋಲು. ಎದುರಿನವರದು. ನಾನು ನೋಡಿದ್ದಕ್ಕೇ.

ಎಪ್ಪತ್ತರ ಹತ್ತಿರದ ಹೆಂಗಸು ಹಾಗೆ ಇಳಿಯಬಾರದು. ನಾನು ಬಗ್ಗಿಕೊಂಡು ಎರಡೆರಡು ಮೆಟ್ಟಿಲು ದಾಟಿ ಕೆಳಗಿನ ತಿರುವಿಗೆ ಬಂದು ಅಡಗಿ ಕೂತೆ. ಅರ್ಧ ನಿಮಿಷಕ್ಕೆ ಮಗಳ ‘ತ್ಚು’ ಬರಬೇಕು. ಕಾದೆ. ಬರಲಿಲ್ಲ. ಸಿಟ್ಟು ಬಂದು ಸುಮ್ಮನಿದ್ದಾಳೆ ಎಂದುಕೊಂಡೆ. ಆಮೇಲೆ ಏನೋ ದಪ್ಪನೆ ಬಿದ್ದ ಸದ್ದು. ಮಂಚ ಗುದ್ದಿದಳು ಎಂದುಕೊಂಡೆ. ಮನಸ್ಸು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತದೆ, ಹೆದರಿದಾಗ ಇನ್ನೂ ಬೇಗ ಮಾಡಿಕೊಳ್ಳುತ್ತದೆ.

ಆಗ ಯಜಮಾನರು ಕೂಗಲು ಶುರು ಮಾಡಿದರು.

ಮೊದಲು ಅವರ ಭಾಷೆಯಲ್ಲಿ, ಮಗಳ ಹೆಸರು ಹಿಡಿದು. ಆಮೇಲೆ “ಅಜ್ಜಿ! ಅಜ್ಜಿ!” ಎಂದು. ನನ್ನನ್ನು ಕಂಡುಬಿಟ್ಟಿದ್ದಾರೆ, ನೋಡಬೇಡ ಎಂದರೂ ನೋಡಿದಳು ಎಂದು ಮಗಳಿಗೆ ದೂರು ಹೇಳುತ್ತಿದ್ದಾರೆ, ಬೈಯುತ್ತಿದ್ದಾರೆ. ಹಾಗೆಂದೇ ನಾನು ತಿಳಿದದ್ದು. “ಅಜ್ಜಿ! ಅಜ್ಜಿ!” ದನಿ ಏರುತ್ತಲೇ ಹೋಯಿತು. ನಾನು ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡೆ. ಮಂಡಿಗೆ ಹಣೆ ಒತ್ತಿಕೊಂಡೆ. ಒಂದು ಸೋಲಿಗೆ ಇಷ್ಟು ಹೆದರಿಕೆಯೇ ಎಂದು ಯಾರಾದರೂ ಕೇಳಬಹುದು. ನಾನು ಆಗ ಮೆಟ್ಟಿಲ ಮೇಲೆ ಇರಲಿಲ್ಲ. ಕೊಟ್ಟಿಗೆಯ ಬಾಗಿಲ ಹಿಂದೆ ಇದ್ದೆ. ಒಳಗೆ ಕರು ಸತ್ತಿತ್ತು…

ಮುಚ್ಚಿದ ಕಿವಿಯೊಳಗೂ ಆ ಕೂಗು ಬರುತ್ತಿತ್ತು. ಹತ್ತು ನಿಮಿಷವೋ ಕಾಲು ಗಂಟೆಯೋ. ಕೊನೆಗೆ ನಿಂತಿತು. ಸೆರಗು ಸಡಿಲಿಸಿದೆ. ಮೇಲಿಂದ ಅಳು ಕೇಳಿಸಿತು. ವಯಸ್ಸಾದ ಗಂಡಸಿನ ಅಳು, ಎದೆಯ ತಳದಿಂದ ಕೆಮ್ಮಿನ ಹಾಗೆ ಬರುವ ಅಳು. ನಮ್ಮನೆಯವರು ತಮ್ಮ ತಾಯಿ ಹೋದಾಗ ಹಾಗೆ ಅತ್ತಿದ್ದರು. ಗೋಲಿಗೆ ಯಾರೂ ಹಾಗೆ ಅಳುವುದಿಲ್ಲ.

ಮೆಟ್ಟಿಲು ಹೇಗೆ ಹತ್ತಿದೆನೋ ನೆನಪಿಲ್ಲ. ಬಾಗಿಲು ತಳ್ಳಿದೆ. ಹುಡುಗಿ ಮಂಚಕ್ಕೂ ಗೋಡೆಗೂ ನಡುವೆ ಕವುಚಿ ಬಿದ್ದಿದ್ದಳು. ಮೂಗಿನಿಂದ ರಕ್ತ ಹರಿದು ನಾನು ಹಚ್ಚಿದ್ದ ಪೌಡರಿನಲ್ಲಿ ಕಲೆಸಿಹೋಗಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಅವಳನ್ನು ತಿರುಗಿಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮೈ ಕಾದ ಹೆಂಚು. ಲ್ಯಾಪ್‌ಟಾಪಿನಲ್ಲಿ ಆಟ ನಡೆದೇ ಇತ್ತು, ಜನ ಹಾಡು ಹೇಳುತ್ತಿದ್ದರು. ಫೋನಿನೊಳಗೆ ಯಜಮಾನರು ಕೆಂಪು ಪಟ್ಟಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ನನ್ನನ್ನು ಕಂಡು ಅದನ್ನು ತೆಗೆದು ತೀರಾ ಮೆಲ್ಲಗೆ “ಅಜ್ಜಿ” ಎಂದರು.

ತಾರಸಿಯ ಅಂಚಿಗೆ ಹೋಗಿ ಗಂಟಲು ಹರಿಯುವ ಹಾಗೆ ಕೂಗಿದೆ. ಎದುರು ಹಾಸಿಗೆ ಅಂಗಡಿಯ ಸಾಹೇಬರು ಬಾಗಿಲು ಹಾಕುತ್ತಿದ್ದರು.

“ಏನಾತಮ್ಮಾ?”

“ಹುಡುಗಿ ಬಿದ್ದೈತ್ರೀ, ನನ್ನ ಮಗನ್ನ ಕರೀರಿ!”

ಅವರು ಮಗನಿಗೆ ಫೋನು ಹಚ್ಚುತ್ತಲೇ ಮೇಲೆ ಓಡಿಬಂದರು. ಬರುವಾಗ ತೋಳಿನಲ್ಲಿ ಹೊಸದಾಗಿ ಹೊಲಿದ ಅರಳೆಯ ಹಾಸಿಗೆಯೊಂದನ್ನು ತಂದಿದ್ದರು. “ಮೆಟ್ಟಿಲು ಕಿರಿದು ಐತೆ, ಇದರಾಗೆ ಮಲಗಿಸಿ ಇಳಿಸೋಣ, ಅಲುಗಾಡಲ್ಲ” ಎಂದರು. ಮಗ ಬಂದ. ಇಬ್ಬರೂ ಹಾಸಿಗೆಯ ಎರಡು ತುದಿ ಹಿಡಿದು ಇಳಿಸಿ ವ್ಯಾನಿಗೆ ಹಾಕಿದರು. ಆ ಗಡಿಬಿಡಿಯಲ್ಲಿ ನಾನು ಅವಳ ಫೋನನ್ನು ಕೈಯಲ್ಲಿ ಹಿಡಿದೇ ಬಂದಿದ್ದೆ. ಕರೆ ಕತ್ತರಿಸಲು ನನಗೆ ಬರುತ್ತಿರಲಿಲ್ಲ. ಯಜಮಾನರೂ ನಮ್ಮ ಜೊತೆಗೇ ಆಸ್ಪತ್ರೆಗೆ ಬಂದರು. ಅವರಿಗೆ ಕಂಡದ್ದು ಕತ್ತಲೆ ಮತ್ತು ನನ್ನ ಸೀರೆಯ ಅಂಚು ಅಷ್ಟೇ ಇರಬೇಕು. ದಾರಿಯುದ್ದಕ್ಕೂ ಅವರ ಉಸಿರಾಟ ನನ್ನ ಅಂಗೈಯಲ್ಲಿ ಕೇಳಿಸುತ್ತಿತ್ತು.

ಡಾಕ್ಟರು ಮೊದಲು ಕೇಳಿದ್ದು, “ಕಾಡಿಗೆ ಹೋಗಿದ್ರಾ?” ಎಂದು. ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು, ಹಿಂದೆಯೇ ಅವಳನ್ನೂ ಕಳಿಸಿದರು. ಆಂಬುಲೆನ್ಸಿಗೆ ಹತ್ತಿಸುವಾಗ ಡಾಕ್ಟರು ಮಗನ ಹತ್ತಿರ, “ಬೇಗ ತಂದ್ರಿ, ಇನ್ನೊಂದು ಕಾಲು ಗಂಟೆ ಹಂಗೇ ಕವುಚಿ ಬಿದ್ದಿದ್ರೆ ಕಷ್ಟ ಆಗ್ತಿತ್ತು” ಎಂದರು. ಮಗ ಹೆಮ್ಮೆಯಿಂದ ನನ್ನ ಕಡೆ ನೋಡಿದ. “ನಮ್ಮವ್ವನೇ ನೋಡಿದ್ದು ಸಾರ್.”

ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯೇ ಹೌದೆಂದು ವರದಿ ಬಂತು. ಹನ್ನೊಂದು ದಿನ. ಅಷ್ಟೂ ದಿನ ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆ. ಗಾಜಿನ ಕಿಂಡಿಯಿಂದ ನೋಡಿ ಎಂದು ನರ್ಸಮ್ಮ ಹೇಳಿದರೂ ನಾನು ನೋಡಲಿಲ್ಲ. ನನ್ನ ಕಣ್ಣನ್ನು ಅವಳ ಮೇಲೆ ಬಿಡಲು ನನಗೆ ಧೈರ್ಯವಿರಲಿಲ್ಲ. ದೇವರಿಗೆ ಹರಕೆ ಹೊತ್ತುಕೊಳ್ಳಲೂ ಹೆದರಿಕೆ, ಏನು ಕೇಳಿದರೆ ಏನಾಗುತ್ತದೋ ಎಂದು. ನಾಲ್ಕನೆಯ ದಿನ ಅವಳು ಕಣ್ಣು ಬಿಟ್ಟು ಮೊದಲು ಕೇಳಿದ್ದು, “ಎಷ್ಟಾಯ್ತು?” ಆಟದ ಕೊನೆ ಅವಳಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಆ ಮನುಷ್ಯ ಅರ್ಧಕ್ಕೆ ಬಿಟ್ಟ ಒಂದೇ ಆಟ ಅದು. ಅವರು ನೋಡದೆ ಬಿಟ್ಟ ಮೇಲೆ ಅವರ ತಂಡ ಎರಡು ಗೋಲು ಹೊಡೆದು ಗೆದ್ದಿತ್ತಂತೆ! ಅದನ್ನು ಕೇಳಿ ಹುಡುಗಿ ನಗಲು ಹೋಗಿ ಕೆಮ್ಮಿದಳಂತೆ.

ಅವಳು ಮನೆಗೆ ಬಂದ ಮೇಲೆ ಯಜಮಾನರು ನನ್ನೊಡನೆ ಮಾತಾಡಬೇಕು ಎಂದರು. ಫೋನಿನಲ್ಲಿ ಭಾಷೆ ತಿರುಗಿಸುವುದೊಂದು ಇದೆಯಲ್ಲ, ಅದರಲ್ಲಿ. ಅವರು ತಮ್ಮ ಭಾಷೆಯಲ್ಲಿ ಹೇಳಿದರು, ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವ ಹಾಗೆ ಒಂದು ಹೆಣ್ಣು ದನಿ ಕನ್ನಡದಲ್ಲಿ ಹೇಳಿತು. ‘ನಾನು ಕರೆದೆ. ನೀವು ಬಂದಿರಿ. ನನ್ನ ಮಗಳು ಬದುಕಿದಳು. ಇನ್ನು ಮುಂದೆ ನೀವು ಒಳಗೆ ಕೂತು ನೋಡಬೇಕು.’ ಮಗ, ಸೊಸೆ, ಹುಡುಗಿ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ.

ಆಮೇಲಿನ ಆಟಗಳಿಗೆ ನಾನು ಒಳಗೇ ಕೂತೆ, ಕಣ್ಣು ಮುಚ್ಚಿಕೊಂಡು. ಯಜಮಾನರು ಫೋನಿನಿಂದ ಕೈ ಮಾಡಿ ‘ತೆಗೆ, ತೆಗೆ’ ಎನ್ನುತ್ತಿದ್ದರು. “ಅತ್ತೆ, ಫೋನಿನ ಯಜಮಾನ್ರು ಇಷ್ಟು ಕೇಳ್ಕೊಂತಾರೆ, ಒಂದು ಕಣ್ಣಾದ್ರೂ ಬಿಡ್ರಿ” ಎಂದು ಸೊಸೆ ನಗುತ್ತಿದ್ದಳು. ಹುಡುಗಿ ಕಲ್ಲುಗಳ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋದಳು. ಹೋದ ಮೇಲೂ ಪ್ರತಿ ಆಟದ ದಿನ ಅಲ್ಲಿಂದ ಕರೆ ಬರುತ್ತಿತ್ತು, ಅಪ್ಪ ಮಗಳು ಒಂದೇ ಅಡುಗೆಮನೆಯಲ್ಲಿ ಕೂತು. ಯಜಮಾನರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುತ್ತಿದ್ದರು. ಪ್ರತಿ ಸಲವೂ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಆದರೆ ನಡುವೆ ಮಾತು ತಿರುಗಿಸುವವಳು ಅವಳೇ. ಅವಳ ಬಾಯಿಂದಲೇ ಅದನ್ನು ಹೇಗೆ ಹೇಳಿಸಲಿ?

ಅದಕ್ಕೇ ಎರಡು ತಿಂಗಳ ಹಿಂದೆ ಸೊಸೆಯ ಕಾಲು ಹಿಡಿದು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತೆ. ಒತ್ತಿದ್ದನ್ನು ಅವರ ಭಾಷೆಗೆ ಫೋನೇ ತಿರುಗಿಸುತ್ತದಲ್ಲ. ಒತ್ತಕ್ಷರ ಹುಡುಕುವಷ್ಟರಲ್ಲಿ ಮಾತೇ ಮರೆತುಹೋಗುತ್ತಿತ್ತು. ಯಾರಿಗೆ ಬರೆಯಲು ಇಷ್ಟು ಅವಸರ ಎಂದು ಅವಳು ಕೇಳಿದರೆ, “ನನ್ನ ಯಜಮಾನ್ರಿಗೆ” ಎಂದು ಕಣ್ಣು ಹೊಡೆದೆ. ಬರೆದದ್ದು ನಾಲ್ಕು ಸಾಲು. ‘ನೀವು ಕರೆದದ್ದು ನನಗೆ ಮೊದಲ ಸಲವೇ ಕೇಳಿಸಿತ್ತು. ನಾನು ಕಿವಿ ಮುಚ್ಚಿಕೊಂಡು ಕೂತಿದ್ದೆ. ಬೈಯುತ್ತೀರಿ ಎಂದುಕೊಂಡೆ. ನನ್ನನ್ನು ಕ್ಷಮಿಸಿ.’ ಬರೆಯುವುದು, ಅಳಿಸುವುದು. ನಾಳೆ ಕಳಿಸೋಣ, ಮುಂದಿನ ಆಟ ಆಗಲಿ ಎಂದು ಮುಂದೆ ಹಾಕುವುದು.

ಕಳೆದ ತಿಂಗಳು ಹುಡುಗಿಯ ಕರೆ ಬಂತು. ಅವತ್ತು ಆಟವಿರಲಿಲ್ಲ. ರಿಂಗಾದಾಗಲೇ ನನಗೆ ಗೊತ್ತಾಗಿಹೋಯಿತು… ಯಜಮಾನರು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ನೋವಿರಲಿಲ್ಲವಂತೆ. ಮಣ್ಣಿಗೆ ಬಂದಿದ್ದ ರೈಲಿನ ಗೆಳೆಯರೆಲ್ಲ ನನ್ನ ಬಗ್ಗೆ ಕೇಳಿದರಂತೆ.

“ಅಪ್ಪ ಸಿಕ್ಕಿದೋರಿಗೆಲ್ಲ ಹೇಳ್ತಿದ್ರು ಅಜ್ಜಿ. ಒಂದೇ ಸಲ ಕರೆದೆ, ಅಜ್ಜಿ ಓಡಿ ಬಂದ್ಬಿಟ್ರು ಅಂತ. ಹಿಂಗೆ ಒಂದು ಬೆರಳು ತೋರ್ಸಿ ಹೇಳ್ತಿದ್ರು. ಒಂದೇ ಸಲ ಅಂತ.”

ಒಂದೇ ಸಲ.

ಯಾವ ಆಟಕ್ಕೆ ಯಾವ ಕಾಲುಚೀಲ ಹಾಕಿದ್ದೆ ಎಂದು ಇಪ್ಪತ್ತು ವರ್ಷ ನೆನಪಿಟ್ಟ ಮನುಷ್ಯ ಅವರು. ತಮ್ಮ ದನಿ ಒಡೆದುಹೋಗುವ ತನಕ ಎಷ್ಟು ಸಲ ಕೂಗಿದೆ ಎಂದು ಅವರಿಗೆ ನೆನಪಿರಲಿಲ್ಲವೇ? ಹೆದರಿಕೆಯಲ್ಲಿ ಆ ಕಾಲು ಗಂಟೆ ಅವರ ಮನಸ್ಸಿನಿಂದ ಅಳಿಸಿಹೋಗಿತ್ತೇ? ಅಥವಾ ಮೆಟ್ಟಿಲಲ್ಲಿ ಒಬ್ಬಳು ಕೂತಿದ್ದಾಳೆ, ಕೇಳಿಸುತ್ತಿದೆ, ಆದರೂ ಬರುತ್ತಿಲ್ಲ ಎಂದು ಅವರಿಗೆ ಆಗಲೇ ತಿಳಿದಿತ್ತೇ? ತಿಳಿದೂ ನನಗಾಗಿ ಊರಿಗೆಲ್ಲ ಒಂದು ಬೆರಳು ತೋರಿಸಿದರೇ? ರಾತ್ರಿ ಎಚ್ಚರವಾದಾಗಲೆಲ್ಲ ಇದೇ. ಕೇಳೋಣವೆಂದರೆ ಈಗ ಆ ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುವವರಿಲ್ಲ.

ಆ ನಾಲ್ಕು ಸಾಲು ಕಳಿಸಲು ಈಗ ವಿಳಾಸವಿಲ್ಲ. ಅದಕ್ಕೇ ಇಷ್ಟುದ್ದ ಬರೆದೆ. ಇದನ್ನು ಆ ಹುಡುಗಿಯೂ ಓದುತ್ತಾಳೆ. ಸವೆದ ಕಲ್ಲಿನ ಮೇಲಿನ ಕನ್ನಡವನ್ನೇ ಬಿಡಿಸಿ ಓದಿದವಳಿಗೆ ಇದು ಕಷ್ಟವಲ್ಲ. ಓದಿದ ಮೇಲೆ ಅವಳ ಕರೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೂ ಇಷ್ಟು ಒತ್ತಿಬಿಡುತ್ತೇನೆ.

ಒಂದೇ ಸಲ ಅಲ್ಲ ಮಗಾ. ನಿಮ್ಮಪ್ಪ ತುಂಬ ಸಲ ಕರೆದರು. ನನಗೆ ಕೇಳಿಸುತ್ತಿತ್ತು.